37 ಕುದುರೆಗಳ ಕೆನೆತ

ಕಾರ್ಬ್ಯುರೇಟರ್ ಕಾಲದ ಮಾರುತಿ 800ಕ್ಕೆ ಇರುವುದು 796 ಸಿಸಿ ಎಂಜಿನ್, 37 ಕುದುರೆಶಕ್ತಿ. 1983ರಲ್ಲಿ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಕಂಪನಿ ಕೈಬಿಟ್ಟರೇನಂತೆ, ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗರು ಕೈಬಿಟ್ಟಿಲ್ಲ. ಅಪ್ಪ ಶೇಂಗಾ ಮಾರಿ ತಂದ ಹಳೇ ಕಾರಿಗೆ ಮಗ ಹೊಸ ಗಂಟಲು, ಅಂದರೆ ಅಬ್ಬರದ ಸೈಲೆನ್ಸರ್, ಕೊಡಿಸುತ್ತಿದ್ದಾನೆ.

ನಿಜ, ಹಳೇ ಸೈಲೆನ್ಸರ್ ಎಂದಾದರೂ ತೂತು ಬೀಳಲೇಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಓಡುವ ಕಾರಿನ ಸೈಲೆನ್ಸರ್ ಆ ನೀರು ಆವಿಯಾಗುವಷ್ಟು ಕಾಯುವುದೇ ಇಲ್ಲ. ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಈ ಬರಪೀಡಿತ ತಾಲ್ಲೂಕುಗಳಲ್ಲಿ ದಿನಾ ತಪ್ಪದೆ ನೀರು ಸಿಗುವ ಜಾಗ ಒಂದಿದ್ದರೆ ಅದು ಸೈಲೆನ್ಸರಿನ ಹೊಟ್ಟೆ.

ತೂತು ಬಿದ್ದ ಕಾರು ಗ್ಯಾರೇಜಿಗೆ ಹೋದಾಗ ಉಪದೇಶ ಶುರು. ‘ಅಣ್ಣ, ಕಂಪನಿ ಪೈಪು ಎಂಜಿನ್ನಿಗೆ ಉಸಿರು ಕಟ್ಟಿಸ್ತೈತೆ. ಅಗಲದ ಫ್ರೀ ಫ್ಲೋ ಪೈಪು ಹಾಕಿಸ್ಬಿಡು, ಗಾಡಿ ಹಾರ್ತೈತೆ.’ ‘ಮೈಲೇಜು?’ ‘ಮೈಲೇಜ್ ಬೇಕು ಅನ್ನೋರು ಬಸ್ಸಲ್ಲಿ ಓಡಾಡ್ತಾರೆ ಬಿಡಣ್ಣ.’

ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿ ಅಷ್ಟೇ, ವಾಲ್ವು ಅದೇ, ಕಾರ್ಬ್ಯುರೇಟರ್ ಅದೇ. ಹೊಗೆ ಹೋಗುವ ಬಾಗಿಲನ್ನು ಮಾತ್ರ ಅಗಲ ಮಾಡಿದರೆ ಬಲ ಎಲ್ಲಿಂದ ಬಂದೀತು? ಅಳತೆಗೆ ಮೀರಿ ಅಗಲವಾದ ಪೈಪಿನಲ್ಲಿ ಹೊಗೆಯ ಓಟ ನಿಧಾನವಾಗಿ, ಕಡಿಮೆ ವೇಗದಲ್ಲಿ ಬೇಕಾದ ಎಳೆತವೇ ಕುಗ್ಗುತ್ತದೆ. ನಾಲ್ಕು ಜನ ತುಂಬಿಕೊಂಡು ಸಿದ್ಧರಬೆಟ್ಟದ ಕಡೆಯ ಏರು ಹತ್ತಿ ನೋಡಿ: ಸದ್ದು ಮುಂದೆ, ಕಾರು ಹಿಂದೆ. ಉತ್ತರಕುಮಾರನೂ ಇಷ್ಟೇ ಜೋರಾಗಿ ಹೊರಟಿದ್ದ.

ಸ್ವಲ್ಪ ಈಚಿನ ಕಾರಾದರೆ ಕ್ಯಾಟಲಿಟಿಕ್ ಕನ್ವರ್ಟರಿಗೂ ಕತ್ತರಿ. ಅದರೊಳಗಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಅದನ್ನು ಗುಜರಿಗೆ ಹಾಕಿ ಹೊಳೆಯುವ ಪೈಪು ತರುವುದೆಂದರೆ ಅಜ್ಜಿಯ ಚಿನ್ನದ ಓಲೆ ಮಾರಿ ಗಿಲೀಟಿನ ಝುಮುಕಿ ಕೊಂಡಂತೆ.

ಇಷ್ಟಾದ ಮೇಲೆ ಮೆರವಣಿಗೆ. ಪಾಳೇಗಾರರು, ಹೈದರಾಲಿ, ಮರಾಠರು ಎಲ್ಲರನ್ನೂ ಕಂಡು ಅಲುಗದೆ ನಿಂತ ಮಧುಗಿರಿಯ ಏಕಶಿಲಾ ಬೆಟ್ಟ ಈಗ 800ರ ಆರ್ಭಟವನ್ನು ಊರಿಗೆ ಎರಡೆರಡು ಸಲ ಕೇಳಿಸುತ್ತದೆ. ಶಿರಾ ಬಳಿಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಮರಿ ಮಾಡುತ್ತವೆ. ದೊಡ್ಡ ಕೊಕ್ಕರೆಗೆ ಗಂಟಲೇ ಇಲ್ಲವೆನ್ನಬೇಕು, ಕೊಕ್ಕು ತಟ್ಟಿಯೇ ಸಂಸಾರ ನಡೆಸುತ್ತದೆ. ಗಂಟಲಿಗೆ ದುಡ್ಡು ಸುರಿಯುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು, ಸೈಕಲ್ಲಿನಲ್ಲಿ. ಪಾವಗಡದ ಶನಿಮಹಾತ್ಮನ ಗುಡಿಗೆ ಜನ ಏಳೂವರೆ ವರ್ಷದ ಕಾಟ ಕಳೆಯಲಿ ಎಂದು ಬರುತ್ತಾರೆ. ಪೈಪು ಹಾಕಿದ ಕಾರಿನಲ್ಲಿ ಬಂದವರು ಆ ಬೀದಿಗೆ ಹೊಸ ಕಾಟ ಅಂಟಿಸಿ ಹೋಗುತ್ತಾರೆ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಆ ಫಲಕಗಳು ಬಿಸಿಲಲ್ಲಿ ಕೂತು ಪಿಟ್ಟೆನ್ನದೆ ದುಡಿಯುತ್ತವೆ. ಪಕ್ಕದ ರಸ್ತೆಯಲ್ಲಿ ಮೂವತ್ತು ಕಿಲೋವಾಟೂ ಇಲ್ಲದ ಕಾರು ಮೂರು ಊರಿನ ನಾಯಿಗಳನ್ನು ಎಬ್ಬಿಸುತ್ತದೆ.

ಕೊರಟಗೆರೆಯಲ್ಲಿ ಈ ಆರ್ಭಟಕ್ಕೆ ಎಂಟೆದೆ ಬೇಕು. 2023ರಲ್ಲಿ ಈ ಕ್ಷೇತ್ರದಿಂದ ಗೆದ್ದ ಜಿ. ಪರಮೇಶ್ವರ ಅವರಿಗೆ ಸಿಕ್ಕಿದ್ದು ಗೃಹ ಖಾತೆ; ಪೊಲೀಸರ ಮಂತ್ರಿಯ ಮನೆಯಂಗಳವಿದು. ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಶಬ್ದಮಾಲಿನ್ಯದ ಮಿತಿ ಮೀರಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಬರೆದಿಟ್ಟಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಬೈಕ್ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಕಾರಿನವರು ಅದನ್ನು ಮೊಬೈಲಿನಲ್ಲಿ ನೋಡಿ ನಕ್ಕು, ಆಕ್ಸಿಲರೇಟರ್ ಒತ್ತುತ್ತಾರೆ.

ನಗಲಾಗದ ಮಾತೂ ಒಂದಿದೆ. ಸರಿಯಾಗಿ ಬೆಸೆಯದ ಪೈಪಿನ ಕೀಲಿನಿಂದ ಸೋರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೇ ಕಾರಿನ ತುಕ್ಕು ಹಿಡಿದ ತಳದಿಂದ ಅದು ಒಳಗೆ ಬಂದರೆ ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೆ ಎಚ್ಚರವೇ ಆಗದೆ ಹೋಗಬಹುದು.

ಆದ್ದರಿಂದ ಹುಡುಗರೇ, ಕಾರಿನ ಅಳತೆಗೆ ಹೊಂದುವ ಸೈಲೆನ್ಸರ್ ಹಾಕಿಸಿ. ಜೊತೆಗೆ ಹೊಸ ಗ್ಯಾಸ್ಕೆಟ್, ಪೈಪು ತೂಗುವ ಹೊಸ ರಬ್ಬರ್. ಉಳಿದ ದುಡ್ಡಿನಲ್ಲಿ ಟೈರು ನೋಡಿ, ಬ್ರೇಕು ನೋಡಿ. ಸದ್ದು ಕೇಳಿ ಹೆಣ್ಣು ಕೊಟ್ಟವರು ಈ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬರೂ ಇಲ್ಲ. ಸದ್ದು ಕೇಳಿ ಶಾಪ ಹಾಕಿದವರು ಮನೆಗೊಬ್ಬರಿದ್ದಾರೆ.