ಹ್ಯಾಮರ್‌ಸ್ಮಿತ್ತಿಗೊಂದು ವಕಾಲತ್ತು
ಅಮೆರಿಕದ ಸಣ್ಣ ಊರೊಂದರಲ್ಲಿ ದಂತವೈದ್ಯರು, ನಿವೃತ್ತ ಉಪಾಧ್ಯಾಯರು ಮೊದಲಾದ ಹವ್ಯಾಸಿಗಳು ಕೂಡಿ ಊದುವ ಬ್ಯಾಂಡಿನಲ್ಲಿ, ಟ್ಯೂಬಾ ಎಂಬ ಹಿತ್ತಾಳೆಯ ಹಂಡೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲಕ್ಷೇಪ ಮಾಡುವ ನನಗೆ, ಡಿಸೆಂಬರ್ ಸಮೀಪಿಸಿತೆಂದರೆ ಚಳಿಗಿಂತ ಮೊದಲು ಸಂಯೋಜಕ ಲೆರಾಯ್ ಆಂಡರ್ಸನ್ನನ ‘ಸ್ಲೇ ರೈಡ್’ ಎಂಬ ಹಿಮಬಂಡಿಯ ವಾದ್ಯಕೃತಿ ಮೈ ನಡುಗಿಸುತ್ತದೆ. 1946ರ ಜುಲೈ ತಿಂಗಳ ಧಗೆಯಲ್ಲಿ ಆ ಮಹಾಶಯನು ಕಲ್ಪಿಸತೊಡಗಿದ ಈ ಹಿಮವಿಹಾರದಲ್ಲಿ ತಾಳವಾದ್ಯದವನು ಚಾಟಿಯ ಛಟೀರೆಂಬ ಸದ್ದಿನಿಂದಲೂ, ಟ್ರಂಪೆಟ್ಟಿನವನು ಕೊನೆಗೆ ಕುದುರೆಯಂತೆ ಕೆನೆದೂ ಸಭೆಯ ಸಮಸ್ತ ಶಿಶುಗಳ ಕರತಾಡನವನ್ನು ಗಿಟ್ಟಿಸಿಕೊಳ್ಳುವರು. ನನಗೋ ಆದ್ಯಂತವಾಗಿ ‘ಬುಂ’, ಮತ್ತೆ ‘ಬುಂ’. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4 ಬಂದಿತೆಂದರೆ ಸಂಯೋಜಕ ಸೂಸಾ 1896ರಲ್ಲಿ ರಚಿಸಿದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’. ಅಲ್ಲಿ ಪಿಕೋಲೋ ಎಂಬ ಪುಟ್ಟ ಕೊಳಲಿನವರು ಎದ್ದು ನಿಂತು ಮೆರೆಯುವರು, ನಾನೆದ್ದರೆ ವೇದಿಕೆಗೇ ಅಪಾಯವಾದ್ದರಿಂದ ಕುಳಿತೇ ಇರುವೆನು.

ಇತ್ತ ಇಂಗ್ಲಿಷ್ ಸಂಯೋಜಕ ಹೋಲ್ಸ್ಟನು 1930ರಲ್ಲಿ ಬ್ಯಾಂಡಿಗೆಂದೇ ಬರೆದ ‘ಹ್ಯಾಮರ್‌ಸ್ಮಿತ್’, ಥೇಮ್ಸ್ ನದಿಯ ನಿಶ್ಚಿಂತ ಪ್ರವಾಹವನ್ನು ಮಂದ್ರವಾದ್ಯಗಳಿಗೆ, ಎಂದರೆ ನನ್ನಂಥ ಅನಾಥರಿಗೆ, ಒಪ್ಪಿಸಿ ಆರಂಭವಾಗುವ ಆ ಗಂಭೀರ ಕೃತಿ, ಕಪಾಟಿನಲ್ಲಿ ಧೂಳುಂಡು ಮಲಗಿದೆ. ಸೂಚಿಸಿದರೆ ‘ಕಷ್ಟ, ಜನ ಮೆಚ್ಚರು’ ಎಂದು ನಿರ್ದೇಶಕರ ನಿಟ್ಟುಸಿರು. ಕಷ್ಟವೆಂಬುದು ದಿಟ, ಮೆಚ್ಚರೆಂಬುದಕ್ಕೆ ಪುರಾವೆಯಿಲ್ಲ, ನಮ್ಮೂರಿನ ಜನ ಅದನ್ನು ಕೇಳಿಯೇ ಇಲ್ಲ. ಸಹೃದಯರೇ, ಯಾವುದಾದರೂ ಬ್ಯಾಂಡಿನವರು ನಿಮ್ಮ ಇಷ್ಟವನ್ನು ವಿಚಾರಿಸಿದರೆ ದಯಮಾಡಿ ಈ ಹೆಸರನ್ನೊಮ್ಮೆ ಬರೆದುಕೊಡಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.