ಪರಂಪರೆ ಬರುತ್ತಿದೆ, ದಾರಿ ಬಿಡಿ

ದಸರಾ ಬಂದರೆ ಮೈಸೂರಿನಲ್ಲಿ ಪರಂಪರೆಗೆ ಕುದುರೆ ಕಟ್ಟುತ್ತಾರೆ. ಹೆಸರು ಪಾರಂಪರಿಕ ಟಾಂಗಾ ಸವಾರಿ. ಹತ್ತುವವರು ದಂಪತಿಗಳು. ಗಂಡನಿಗೆ ಪಂಚೆ, ಮೈಸೂರು ಪೇಟ. ಹೆಂಡತಿಗೆ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಪುರಭವನದ ಮುಂದೆ ಗಣ್ಯರು ಹಸಿರು ನಿಶಾನೆ ಬೀಸುತ್ತಾರೆ. ಕುದುರೆಗಿಂತ ಮೊದಲೇ ಕ್ಯಾಮೆರಾ ಓಡುತ್ತದೆ.

ದಾರಿಯಲ್ಲಿ ನೋಡಲು ಏನಿದೆ? ಲ್ಯಾನ್ಸ್‌ಡೌನ್ ಕಟ್ಟಡವಿದೆ. 1892ರ ಕಾಲದ್ದು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯಿದೆ. 2016ರಲ್ಲಿ ಅದರದ್ದೂ ಒಂದು ಭಾಗ ನೆಲಕ್ಕೆ ಬಿತ್ತು. ಉಳಿಸುವುದೋ ಕೆಡವುವುದೋ ಎಂದು ಸಮಿತಿಗಳು ಕೂತವು, ಎದ್ದವು. ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಟಾಂಗಾ ಮಾತ್ರ ನಿಲ್ಲಲಿಲ್ಲ.

ಕುದುರೆಗೆ ಪಾಪ ಕಣ್ಣುಪಟ್ಟಿ ಕಟ್ಟಿರುತ್ತಾರೆ. ನಿಶಾನೆ ಬೀಸಿದವರಿಗೆ ಅದೂ ಬೇಕಾಗಿಲ್ಲ.

ಗಾಡಿ ಹೊಡೆಯುವವನ ಕಥೆ ಇನ್ನೂ ಚೆಂದ. ಷಾ ಪಸಂದ್ ಟಾಂಗಾ ಎಂದರೆ ಮೈಸೂರಿನ ಹೆಮ್ಮೆಯಂತೆ. ಹೆಮ್ಮೆಗೆ ದಸರಾದಲ್ಲಿ ಹೂವಿನ ಹಾರ. ಹಬ್ಬ ಮುಗಿದ ಮೇಲೆ ಅದೇ ಗಾಡಿ ಟ್ರಾಫಿಕ್ಕಿಗೆ ಅಡ್ಡ, ಅದೇ ಕುದುರೆಯ ಲದ್ದಿ ನಗರದ ಮರ್ಯಾದೆಗೆ ಕುಂದು.

ಚಾಮರಾಜನಗರದವರು ನಗುವುದೇನೂ ಬೇಡ. ನಮ್ಮದೂ ಗಾಡಿಯದೇ ಕಥೆ. ಕುದುರೆಯ ಬದಲು ಜನ ಎಳೆಯುತ್ತಾರೆ, ಅಷ್ಟೆ.

ಅರಿಕುಠಾರ ಎಂಬ ಊರು 1818ರಲ್ಲಿ ಚಾಮರಾಜನಗರವಾಯಿತು. ಇಲ್ಲಿ ಹುಟ್ಟಿದ ತಂದೆಯ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಆಷಾಢದಲ್ಲಿ ಬೇರೆ ಊರಿನ ದೇವರುಗಳು ಸುಮ್ಮನಿದ್ದರೆ ನಮ್ಮವನು ತೇರು ಹತ್ತುತ್ತಾನೆ. ಆಷಾಢಕ್ಕೆಂದು ತವರಿಗೆ ಹೋದ ಹೊಸ ಮದುವಣಗಿತ್ತಿ ಜಾತ್ರೆಯ ನೆಪದಲ್ಲಿ ಗಂಡನನ್ನು ಕಾಣುತ್ತಾಳೆ. ಇಬ್ಬರೂ ಸೇರಿ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಅತ್ತೆಯರಿಗಿಂತ ದೇವರಿಗೇ ಹೆಚ್ಚು ಕರುಣೆ.

2017ರ ಫೆಬ್ರುವರಿಯಲ್ಲಿ ಆ ತೇರಿಗೆ ಕಿಡಿಗೇಡಿ ಬೆಂಕಿಯಿಟ್ಟ. ಊರು ಬಾಯಿ ಬಡಿದುಕೊಂಡಿತು. ಖಂಡನೆಗಳು ಬಂದವು, ಭರವಸೆಗಳು ಬಂದವು. ತೇರು ಬರಲಿಲ್ಲ.

ಆ ವರ್ಷ ಇಲ್ಲ. ಮರುವರ್ಷ ಇಲ್ಲ. 2019ರಲ್ಲೂ ಇಲ್ಲ. ಆಮೇಲಿನ ಎರಡು ವರ್ಷವನ್ನು ಕೊರೊನಾ ತಲೆಗೆ ಕಟ್ಟಿಬಿಡಬಹುದು. ಅದು ಬಂದು ಮಾತಾಡುವುದಿಲ್ಲ. ಮೊದಲ ಮೂರು ವರ್ಷವನ್ನು ಯಾರ ತಲೆಗೆ ಕಟ್ಟೋಣ? ಬೆಂಕಿಯಿಟ್ಟವನಿಗೆ ಒಂದು ಕಡ್ಡಿಗೀರು ಸಾಕಾಯಿತು. ಕಡತಕ್ಕೆ ಅಷ್ಟೂ ಅವಸರವಿರಲಿಲ್ಲ. ಅಷ್ಟರಲ್ಲಿ ಮದುವಣಗಿತ್ತಿಯರು ತಾಯಂದಿರಾದರು, ಮಕ್ಕಳು ಅಂಗನವಾಡಿ ಸೇರಿದರು.

2022ರ ಜುಲೈನಲ್ಲಿ ಹೊಸ ತೇರು ಹೊರಟಿತು. ಜನ ನಿಜಕ್ಕೂ ಖುಷಿಪಟ್ಟರು, ಅವರದೇನೂ ತಪ್ಪಿಲ್ಲ. ಐದು ವರ್ಷ ಹಸಿದವನು ಎಲೆ ಹಾಕಿದರೆ ಉಣ್ಣುತ್ತಾನೆ. ಬಡಿಸಿದವರು ಮಾತ್ರ ಅದನ್ನೇ ಸಾಧನೆ ಎಂದುಕೊಂಡರೆ ಹೇಗೆ? ತಡ ಮಾಡಿದವರು ಯಾರೂ ಇಲ್ಲ, ನೆರವೇರಿಸಿದವರು ಊರು ತುಂಬ. ತೇರಿನ ಹಗ್ಗ ಎಷ್ಟೇ ಉದ್ದವಿದ್ದರೂ ಇವರಿಗೆ ಸಾಲದು.

ಆದರೂ ಚಾಮರಾಜೇಶ್ವರ ಪುಣ್ಯವಂತ. ಅವನಿಗೆ ತೇರಿದೆ, ಜಾತ್ರೆಯಿದೆ, ಎದ್ದು ಕೇಳಲು ಊರಿದೆ. ಗುಂಡ್ಲುಪೇಟೆಯ ಪರವಾಸುದೇವನನ್ನು ನೋಡಿ. ಅವನ ಗುಡಿಯೂ ಮಗನೊಬ್ಬ ತಂದೆಯ ನೆನಪಿಗೆ ಕಟ್ಟಿಸಿದ್ದೇ. ಕಟ್ಟಿಸಿದವರು 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು. ದಶಕಗಟ್ಟಲೆ ಅಲ್ಲಿ ಗಿಡಗಂಟಿ ಬೆಳೆಯಿತು, ಕಲ್ಲು ಸಡಿಲಾಯಿತು. ಊಟಿಗೆ, ಬಂಡೀಪುರಕ್ಕೆ ಹೋಗುವ ಕಾರುಗಳು ಆ ಊರಿನಲ್ಲಿ ಕಾಫಿ ಕುಡಿದು ಮುಂದೆ ಹೋದವು. ಮೆರವಣಿಗೆ ಇಲ್ಲದ ದೇವರಿಗೆ ಮಂಜೂರಾತಿ ಕೇಳುವವರು ಯಾರು?

ಅಲ್ಲಿಗೂ ನಾಲ್ಕು ಟಾಂಗಾ ಕಳಿಸಿ, ಸ್ವಾಮಿ. ಪೇಟ ತೊಟ್ಟ ಜೋಡಿಗಳನ್ನು ಕೂರಿಸಿ. ನೀವು ನಿಶಾನೆ ಬೀಸಲು ಬಂದಾಗಲಾದರೂ ಯಾರಾದರೂ ಕಳೆ ಕೀಳಿಸಿಯಾರು.