ಸಮುದ್ರಕ್ಕೆ ಬೆನ್ನು ಮಾಡಿ

ಘಟ್ಟದ ಮೇಲಿನ ನಮ್ಮಂಥವರಿಗೆ ನೀರು ಕಂಡರೆ ಹಸಿವಾಗುತ್ತದೆ. ಸಂಕ್ರಾಂತಿ ಬಂತೆಂದರೆ ಧಾರವಾಡ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮಲಪ್ರಭೆಗೋ ಘಟಪ್ರಭೆಗೋ ಹೋಗಿ, ಒಂದು ಮುಳುಗು ಹಾಕಿ, ದಂಡೆಯ ಮೇಲೆ ಸಾಲಾಗಿ ಕೂತು ಉಂಡು ಬರುತ್ತಾರೆ. ಹೊಳೆ ದೂರವಾದರೆ ಕೆರೆ ನಡೆದೀತು. ಕೆರೆ ಒಣಗಿದ್ದರೆ ಹೊಲದ ಬೋರ್‌ವೆಲ್ಲಿನ ಪೈಪೂ ನಡೆದೀತು. ನೀರು ನೆಪ, ಬುತ್ತಿ ನಿಜ. ಹೀಗಿರುವಾಗ ಅರಬ್ಬಿ ಸಮುದ್ರದಷ್ಟು ನೀರು ಒಂದೇ ಕಡೆ ಸಿಗುವುದಾದರೆ ಬುತ್ತಿ ಎಷ್ಟಿರಬೇಕು?

ಆ ಲೆಕ್ಕವನ್ನು ನಮ್ಮ ಕಾಕು ಹಿಂದಿನ ರಾತ್ರಿಯೇ ಹಾಕಿಟ್ಟಿದ್ದಳು. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಒಂದು ದಿನದ ಮಟ್ಟಿಗೆ ಹೋಗಿ ಬರುವ ಕಾರ್ಯಕ್ರಮ. ಮೇ ತಿಂಗಳು, ಮಕ್ಕಳಿಗೆ ರಜೆ, ಧಾರವಾಡದಲ್ಲಿ ಉರಿ. ಕಾರವಾರದಲ್ಲಿ ಉರಿಯ ಜೊತೆಗೆ ಬೆವರೂ ಸಿಗುತ್ತದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಡಿಗೆ ಟೆಂಪೊದಲ್ಲಿ ಜನರಿಗಿಂತ ಮೊದಲು ಡಬ್ಬಿಗಳು ಹತ್ತಿದವು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಹುಳಿಯನ್ನ, ಮೊಸರನ್ನ, ಮೊಸರನ್ನ ಹುಳಿಯಾದರೆ ಇರಲಿ ಎಂದು ಬೇರೆ ಹಾಲು, ಹಾಲು ಒಡೆದರೆ ಇರಲಿ ಎಂದು ಮತ್ತೆ ಮೊಸರು. ‘ಕಾರವಾರದಾಗ ಖಾನಾವಳಿ ಇಲ್ಲೇನು?’ ಎಂದು ಕೇಳಿದ ಕಾಕಾಗೆ ಕಾಕು ಕೊಟ್ಟ ಉತ್ತರ: ‘ಅಲ್ಲೆ ಚಟ್ನಿಪುಡ್ಯಾಗೂ ಮೀನ ಹಾಕ್ತಾರಂತ.’

ಕಲಘಟಗಿ ದಾಟಿ ಯಲ್ಲಾಪುರದಲ್ಲಿ ಚಹಾ. ಅರಬೈಲ್ ಘಟ್ಟದಲ್ಲಿ ಎಲ್ಲರ ಮೂಗಿಗೂ ಒಂದೊಂದು ನಿಂಬೆಹಣ್ಣು. ಆದರೂ ಘಟ್ಟ ತನ್ನ ಪಾಲನ್ನು ವಸೂಲು ಮಾಡಿಯೇ ಬಿಟ್ಟಿತು. ಆ ವಿವರ ಬೇಡ. ಅಂಕೋಲೆಯ ಆಚೆ ಮೊದಲ ಸಲ ಸಮುದ್ರ ಕಂಡಾಗ ಮಕ್ಕಳು ಕೂಗಿದರು, ಕಾಕಾ ಎದ್ದು ನಿಂತರು, ಕಾಕು ಡಬ್ಬಿಗಳ ಮುಚ್ಚಳ ಮುಟ್ಟಿ ನೋಡಿದಳು.

ಕಾರವಾರ ನಿಜಕ್ಕೂ ಚೆಲುವಾದ ಕೊಲ್ಲಿ. ದಕ್ಷಿಣಕ್ಕೆ ಬೈತಖೋಲ ಬಂದರಿನ ಗುಡ್ಡ, ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ನಡುವೆ ಅರ್ಧಚಂದ್ರಾಕಾರದ ದಂಡೆ, ದಂಡೆಯುದ್ದಕ್ಕೂ ಗಾಳಿಮರಗಳು. ಎದುರಿಗೆ ಕೂರ್ಮಗಡ, ದೇವಗಡದಂಥ ನಡುಗಡ್ಡೆಗಳು ಅಡ್ಡ ನಿಂತಿರುವುದರಿಂದ ತೆರೆಗಳು ಇಲ್ಲಿಗೆ ಬರುವಷ್ಟರಲ್ಲಿ ತಮ್ಮ ಸಿಟ್ಟನ್ನೆಲ್ಲ ಬೇರೆ ಕಡೆ ಕಳೆದುಕೊಂಡು ಬಂದಿರುತ್ತವೆ. ದಡದ ಮೇಲೆ ಉದ್ಯಾನವಿದೆ, ಮಕ್ಕಳ ಆಟದ ಜಾಗವಿದೆ, ಜಿಲ್ಲೆಯ ಬೇರೆ ಬೇರೆ ಸಮುದಾಯಗಳ ಬದುಕನ್ನು ತೋರಿಸುವ ಶಿಲ್ಪಗಳ ರಾಕ್ ಗಾರ್ಡನ್ ಇದೆ. ಪೇಟೆ, ಹೆದ್ದಾರಿ, ಸರಕಾರಿ ಕಚೇರಿ ಎಲ್ಲವೂ ಕೂಗಳತೆಯಲ್ಲಿ. ಚಪ್ಪಲಿ ಹರಿದರೆ ಹೊಲಿಸಿಕೊಂಡು ಬಂದು ಮತ್ತೆ ಸಮುದ್ರ ನೋಡಬಹುದು. ಇಷ್ಟು ಅನುಕೂಲದ ಸಮುದ್ರ ನನಗೆ ಗೊತ್ತಿದ್ದಂತೆ ಬೇರೆ ಇಲ್ಲ.

ಇಳಿದ ಕೂಡಲೇ ಎದ್ದ ಪ್ರಶ್ನೆ, ಎಲ್ಲಿ ಕೂಡ್ರುವುದು? ಮಕ್ಕಳು ನೀರಿನ ಅಂಚಿಗೆ ಎಂದರು. ಕಾಕು ಗಾಳಿಮರದ ನೆರಳಿಗೆ ಚಾಪೆ ಹಾಸಿ, ಸಮುದ್ರದ ಕಡೆ ಬೆನ್ನು ಮಾಡಿ ಕೂತಳು.

‘ಅಯ್ಯ, ಸಮುದ್ರ ನೋಡಲಿಕ್ಕೆ ಬಂದು ಆ ಕಡೆ ತಿರಗಿ ಕೂತ್ರ ಹೆಂಗ?’ ಅಂದಳು ಮೌಶಿ.

‘ಅದ ಎಲ್ಲಿ ಹೋಗ್ತದ? ಮದ್ಲ ಊಟಾ ಮುಗಸೂಣು.’

ಕಾಕುವಿನ ನಿಲುವಿಗೆ ವಿಜ್ಞಾನದ ಬೆಂಬಲವಿತ್ತು. ಹೊತ್ತು ಏರಿದಂತೆ ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಬಾಣದ ಗುರುತು ಹಾಕಿ ಇದರ ಚಿತ್ರ ಬರೆದು ಅಂಕ ಗಳಿಸಿದವರೇ ನಾವೆಲ್ಲ. ಆದರೆ ಆ ಬಾಣದ ತುದಿಯಲ್ಲಿ ಉಸುಕು ಇರುತ್ತದೆ, ಉಸುಕಿನ ಎದುರಿಗೆ ಒಂದು ಶೇಂಗಾ ಚಟ್ನಿಯ ಡಬ್ಬಿ ಬಾಯಿ ತೆರೆದುಕೊಂಡು ಕೂತಿರುತ್ತದೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಸಮುದ್ರಕ್ಕೆ ಮುಖ ಮಾಡಿ ಕೂತ ಮೌಶಿ ಮೊದಲ ತುತ್ತಿಗೇ ಕಟಂ ಎಂದು ಸದ್ದು ಮಾಡಿ, ದವಡೆ ಹಿಡಿದುಕೊಂಡು ಮೆಲ್ಲಗೆ ಈ ಕಡೆ ತಿರುಗಿದಳು. ಕಾಕುವಿನ ಅಗಲವಾದ ಬೆನ್ನಿನ ಮರೆಯಲ್ಲಿ ಡಬ್ಬಿಗಳು ಸುಖವಾಗಿದ್ದವು. ರೊಟ್ಟಿ ಮುರಿದು, ಅಂಗೈಯಲ್ಲಿ ಚಟ್ನಿಗೆ ಕುಣಿ ಮಾಡಿ, ಆ ಕುಣಿಯೊಳಗೆ ಮೊಸರು ಹನಿಸಿ, ಇನ್ನೊಂದು ಕೈಯಿಂದ ಕಾಗೆ ಓಡಿಸುತ್ತ ಅವಳು ಎಲ್ಲರಿಗೂ ಬಡಿಸಿದಳು. ಅಂತೂ ನಾವು ಕಾರವಾರಕ್ಕೆ ಬಂದು ಮೊದಲು ಕಣ್ತುಂಬ ನೋಡಿದ್ದು ಗೋವಾ ಕಡೆ ಹೋಗುವ ಲಾರಿಗಳನ್ನು. ಕಾಕಾ ಯಾವ ಲಾರಿ ಯಾವ ರಾಜ್ಯದ್ದು ಎಂದು ನಂಬರ್ ಪ್ಲೇಟ್ ನೋಡಿ ಹೇಳುತ್ತಿದ್ದರು.

ಊಟದ ನಡುವೆ ಮಾತು ಟ್ಯಾಗೋರರ ಕಡೆ ಹೊರಳಿತು. ಬಂಗಾಳದ ಕವಿಯ ಹೆಸರು ನಮ್ಮ ಕಾರವಾರಕ್ಕೆ ಯಾಕೆ ಎಂದು ಮಕ್ಕಳ ಪ್ರಶ್ನೆ. ನಾನು ಹೇಳಿದೆ: ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ. ಕಾರವಾರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಚೀಚೆಯ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದು ಇಲ್ಲಿಯೇ. ಮುಂದೆ ‘ಜೀವನಸ್ಮೃತಿ’ಯಲ್ಲಿ ಈ ದಂಡೆ, ಈ ಗಾಳಿಮರಗಳು, ಕಾಳಿ ನದಿ ಎಲ್ಲವನ್ನೂ ನೆನೆದಿದ್ದಾರೆ. ಒಂದು ಸಂಜೆ ದೋಣಿಯಲ್ಲಿ ಕಾಳಿಯ ಮೇಲ್ಗಡೆಗೆ ಹೋಗಿ, ಶಿವಾಜಿಯ ಕಾಲದ ಕೋಟೆಯ ಹತ್ತಿರ ಇಳಿದು, ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಬೆಳದಿಂಗಳು ಬೀಳುವ ಜಾಗ ನೋಡಿ ಕೂತು, ಜೊತೆಗೆ ತಂದಿದ್ದ ತಿಂಡಿ ತಿಂದರಂತೆ.

ಕಾಕುವಿನ ಕೈ ಅಲ್ಲಿಗೇ ನಿಂತಿತು. ‘ಅಂದ್ರ ಅವರೂ ಬುತ್ತಿ ತಂದಿದ್ರು?’

‘ಹೌದು.’

‘ಏನೇನ ತಂದಿದ್ರಂತ?’

‘ಅದನ್ನ ಬರದಿಲ್ಲ ಕಾಕು.’

‘ಮತ್ತ ಏನ ಬರದಾರ?’

‘ಬೆಳದಿಂಗಳ ಬಗ್ಗೆ ಬರದಾರ.’

ಕಾಕು ಎಣ್ಣೆಗಾಯಿಯ ಡಬ್ಬಿ ಮುಚ್ಚಿದಳು. ‘ಇಷ್ಟ ಮುಖ್ಯದ್ದು ಬಿಟ್ಟ ಬರದವರಿಗೆ ನೊಬೆಲ್ ಹೆಂಗ ಕೊಟ್ಟರೋ!’

ಅದೇ ರಾತ್ರಿ ಹಿಂದಿರುಗುವಾಗ ದೋಣಿ ಇಳಿತದ ಜೊತೆ ನಿಧಾನಕ್ಕೆ ತೇಲುತ್ತ ಬಂದು ಅಳಿವೆ ತಲುಪುವಷ್ಟರಲ್ಲಿ ಹೊತ್ತಾಗಿ, ಅವರೆಲ್ಲ ದೋಣಿ ಬಿಟ್ಟು ಉಸುಕಿನ ಮೇಲೆ ನಡೆದೇ ಮನೆ ಸೇರಿದರು ಎಂಬುದನ್ನೂ ಹೇಳಿದೆ. ಪ್ರವಾಸದಲ್ಲಿ ಗಾಡಿ ಕೈಕೊಡುವುದು ಮಹಾಕವಿಗಳಿಗೂ ತಪ್ಪಿದ್ದಲ್ಲ ಎಂದು ಕಾಕಾ ಟಿಪ್ಪಣಿ ಸೇರಿಸಿದರು.

ಊಟವಾದ ಮೇಲೆ ದಂಡೆಯಲ್ಲಿ ಏಂಡಿ ಬಲೆ ಎಳೆಯುವುದು ಶುರುವಾಯಿತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬಂದು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುವ ಹಳೆಯ ಪದ್ಧತಿ. ಇದಕ್ಕಿಂತ ಎಷ್ಟೋ ದೊಡ್ಡದಾದ ರಂಪಣಿಯನ್ನು ಒಂದು ಕಾಲಕ್ಕೆ ಊರಿಗೆ ಊರೇ ಎಳೆಯುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಮೀನನ್ನು ಕಡಲೊಳಗೇ ಬಳಿಯತೊಡಗಿದ ಮೇಲೆ ರಂಪಣಿಯ ವೈಭವ ಮುಗಿಯಿತು. ಈಗ ನಮ್ಮೆದುರು ಹತ್ತಾರು ಜನ, ಹೆಂಗಸರೂ ಸೇರಿ, ಹಗ್ಗವನ್ನು ಸೊಂಟಕ್ಕೆ ಆನಿಸಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯುತ್ತಿದ್ದರು.

ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ನಮ್ಮ ಕಾಕಾಗೆ ಹತ್ತು ಜನ ಕೆಲಸ ಮಾಡುವುದನ್ನು ಸುಮ್ಮನೆ ನೋಡಿ ಗೊತ್ತಿಲ್ಲ. ಪ್ಯಾಂಟು ಮಡಚಿ ಹಗ್ಗ ಹಿಡಿದರು. ಹಿಡಿದವರು ಎಳೆಯದೆ ‘ಆ ಕಡೆಯವರು ಸ್ವಲ್ಪ ಜೋರ ಎಳೀರಿ’ ಎಂದು ಅಪ್ಪಣೆ ಕೊಡತೊಡಗಿದರು. ಪಕ್ಕದ ಹಿರಿಯ ಮೀನುಗಾರ ಬಹಳ ಸಮಾಧಾನದ ಮನುಷ್ಯ. ‘ಬಾಯಲ್ಲಿ ಎಳೆದ್ರೆ ಬರೂದಿಲ್ಲ ಸಾರ್, ಸೊಂಟದಲ್ಲಿ ಎಳೀಬೇಕು’ ಅಂದ. ಕಾಕಾ ಆಮೇಲೆ ನಿಜವಾಗಿ ಎಳೆದರು, ಮಕ್ಕಳೂ ಎಳೆದರು, ನಾನೂ ಕೈ ಹಚ್ಚಿದೆ. ಆತ ಎಳೆಯುತ್ತಲೇ ಊರಿನ ಸುದ್ದಿ ಹೇಳಿದ. ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆಯ ದಂಡೆಗಳು ಸೀಬರ್ಡ್ ನೌಕಾನೆಲೆಯ ಬೇಲಿಯೊಳಗೆ ಹೋದವು. ಬಂದರು ವಿಸ್ತರಣೆಗೆಂದು ಈ ದಂಡೆಯ ಕಡೆಗೂ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ, ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು, ವಿಷಯ ಕೋರ್ಟಿಗೂ ಹೋಯಿತು. ‘ಇದೊಂದು ಉಳಿದದೆ. ಇದೂ ಹೋದ್ರೆ ನಾವು ಬಲೆ ಎಲ್ಲಿ ಎಳೂದು, ನೀವು ರೊಟ್ಟಿ ಎಲ್ಲಿ ತಿನ್ನೂದು?’ ನಮ್ಮ ರೊಟ್ಟಿಯನ್ನು ಆತ ದೂರದಿಂದಲೇ ಗಮನಿಸಿದ್ದ. ನಾವು ಚಾಪೆ ಹಾಸಿದ ಜಾಗಕ್ಕಾಗಿ ಯಾರೋ ಜಗಳಾಡಿದ್ದರೆಂಬುದು ನಮಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ.

ಬಲೆ ದಡಕ್ಕೆ ಬಂತು. ಒಂದಿಷ್ಟು ತಾರಲೆ, ಬೆರಳೆಣಿಕೆಯ ಬಂಗಡೆ, ಲೋಳೆ ಮೀನು, ಚಿಪ್ಸಿನ ಖಾಲಿ ಪಾಕೀಟು, ಯಾರದೋ ಒಂಟಿ ಚಪ್ಪಲಿ. ಕೈ ಹಚ್ಚಿದವರಿಗೂ ಪಾಲು ಕೊಡಬೇಕೆನ್ನುವುದು ದೊಡ್ಡ ಮನಸ್ಸಿನವರ ರೀತಿ. ಹಿರಿಯ ಮೀನುಗಾರ ಇನ್ನೂ ಮಿಡುಕುತ್ತಿದ್ದ ನಾಲ್ಕು ಬಂಗಡೆಗಳನ್ನು ಕಾಕಾನ ಎರಡೂ ಅಂಗೈಗಳಲ್ಲಿ ಇಟ್ಟುಬಿಟ್ಟ. ಹುಟ್ಟಿದಂದಿನಿಂದ ಬದನೆಕಾಯಿಯ ಆಚೆ ಹೋಗದ ಕಾಕಾ, ಕೋಟಿಯ ಚೆಕ್ಕಿಗೆ ಸಹಿ ಹಾಕಿದ ಆ ಕೈಗಳನ್ನು ಮುಂದೆ ಚಾಚಿಕೊಂಡು, ಬೇಡವೆನ್ನಲು ಸಂಕೋಚ, ಇಟ್ಟುಕೊಳ್ಳಲು ಭಯ, ತೀರ್ಥ ಹಿಡಿದವರಂತೆ ಅಲುಗಾಡದೆ ನಿಂತರು. ಚಾಪೆಯ ಕಡೆ ನೋಡುವ ಧೈರ್ಯವಂತೂ ಇರಲಿಲ್ಲ. ಕಾಪಾಡಿದವನು ನಮ್ಮ ಡ್ರೈವರ್. ಓಡಿ ಬಂದು ‘ಕೊಡ್ರಿ ಸಾಹೇಬ್ರ’ ಎಂದು ಇಸಿದುಕೊಂಡವನ ಮುಖದಲ್ಲಿ ಬೆಳಿಗ್ಗೆಯಿಂದ ಕಾಣದ ಕಳೆ ಕಂಡಿತು.

ಅಷ್ಟರಲ್ಲಿ ಗದ್ದಲ. ಒಣ ಉಸುಕಿನ ಮೇಲೆ ಬಿಟ್ಟಿದ್ದ ನಮ್ಮ ಮಕ್ಕಳ ಚಪ್ಪಲಿಗಳು ತೇಲುತ್ತಿದ್ದವು. ‘ಭರತಿ ಬರ್ತಾ ಅದೆ. ದಿನಾ ಎರಡು ಸಲ ನೀರು ಏರ್ತದೆ, ಎರಡು ಸಲ ಇಳೀತದೆ. ಇವತ್ತಿಗಿಂತ ನಾಳೆ ಮುಕ್ಕಾಲು ಗಂಟೆ ತಡ, ಅಷ್ಟೇ ಫರಕು’ ಎಂದು ಮೀನುಗಾರ ವಿವರಿಸಿದ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಮೂಡುವ ಲೆಕ್ಕ ಅದು.

ಈ ಮಾತು ಕಾಕುವಿನ ಕಿವಿಗೆ ಬಿತ್ತು. ‘ಏನಂದಿ? ದಿನಕ್ಕ ಎರಡ ಸಲ ನೀರ ಬರ್ತದ?’

‘ಹೌದಮ್ಮ.’

‘ತಪ್ಪದ?’

‘ತಪ್ಪೂದೇ ಇಲ್ಲ.’

ನಮ್ಮ ಓಣಿಯಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ರಾತ್ರಿ ಕಾಕು ಕೊಡ, ಬಕೆಟ್ಟು, ಪಾತೇಲಿಯಷ್ಟೇ ಅಲ್ಲ, ಚಹಾದ ಕೆಟಲ್ಲನ್ನೂ ತುಂಬಿಸಿಡುವವಳು. ಆಕೆ ಮೊದಲ ಸಲ ಪೂರ್ತಿ ತಿರುಗಿ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ಸಮುದ್ರವನ್ನು ನೋಡಿದಳು. ಅದು ಹೊಟ್ಟೆಕಿಚ್ಚೋ ಗೌರವವೋ ತಿಳಿಯಲಿಲ್ಲ. ನೀರಿನ ತನಕ ಹೋದವಳು ಮುಳುಗಲಿಲ್ಲ. ಅಮಾಸಿ, ಹುಣ್ಣಿಮೆಯಂಥ ಪರ್ವಕಾಲ ಬಿಟ್ಟು ಸಮುದ್ರಸ್ನಾನ ಮಾಡಬಾರದಂತೆ. ಈ ಶಾಸ್ತ್ರ ಬರೆದವರು ಒದ್ದೆ ಸೀರೆಯಲ್ಲಿ ಅರಬೈಲ್ ಘಟ್ಟ ಹತ್ತಿದ ಹೆಂಗಸರೇ ಇರಬೇಕು. ಮಕ್ಕಳಿಗೆ ಶಾಸ್ತ್ರ ಅನ್ವಯಿಸಲಿಲ್ಲ.

ಉಳಿದದ್ದು ಓಡುತ್ತ ನೋಡಿದ್ದು. ದಂಡೆಯ ಮೇಲೆಯೇ ‘ಐಎನ್‌ಎಸ್ ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸೋವಿಯತ್ ರಷ್ಯಾದಲ್ಲಿ ತಯಾರಾಗಿ 2005ರಲ್ಲಿ ನಿವೃತ್ತಿಯಾದ ಹಡಗು. ಕಾಕಾ ತಮ್ಮ ವರ್ಗದವರನ್ನು ಕಂಡಂತೆ ಅದನ್ನು ಅಕ್ಕರೆಯಿಂದ ತಟ್ಟಿ, ಕ್ಷಿಪಣಿಯ ಕೊಳವೆಗಳ ಎದುರು ಫೋಟೊ ತೆಗೆಸಿಕೊಂಡರು. ಕಾಕು ಇಡೀ ಹಡಗು ಸುತ್ತಿ ಕೇಳಿದ್ದು ಒಂದೇ, ‘ಇಷ್ಟ ಇಕ್ಕಟ್ಟಿನಾಗ ಅಷ್ಟ ಮಂದಿಗೆ ಅಡಿಗಿ ಹೆಂಗ ಮಾಡ್ತಿದ್ರು?’ ಕಾಳಿ ದಾಟಿ ಸದಾಶಿವಗಡಕ್ಕೆ ಹೋಗುವ ಪ್ರಸ್ತಾಪ ಬಂದಾಗ, 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದ ಮೌಶಿ ಸಾಫ್ ಬೇಡವೆಂದಳು. ಆ ಲಾರಿಯ ಚಾಲಕ ಬದುಕಿದ, ಈಗ ವಾಹನ ಓಡುವುದು ಹೊಸ ಸೇತುವೆಯ ಮೇಲೆ ಎಂದು ಎಷ್ಟು ಹೇಳಿದರೂ ‘ಅದೂ ಒಂದ ದಿನ ಹಳೇದ ಆಗ್ತದಲ್ಲ’ ಎಂಬ ತರ್ಕಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಸೂರ್ಯಾಸ್ತ ನೋಡಲಿಲ್ಲ. ಕತ್ತಲೆಯಲ್ಲಿ ಘಟ್ಟ ಬೇಡವೆಂದು ಡ್ರೈವರ್ ಬಿಸಿಲಿರುವಾಗಲೇ ಹೊರಡಿಸಿದ. ಅವನ ಅವಸರದ ಅಸಲು ಕಾರಣ ಹೆದ್ದಾರಿಗೆ ಬಂದ ಮೇಲೆ ಮೂಗಿಗೆ ಗೊತ್ತಾಯಿತು. ಬಂಗಡೆಗಳನ್ನು ರಾತ್ರಿ ಮನೆಯಲ್ಲಿಯೇ ಹುರಿಸಿ ತಿನ್ನಬೇಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನ ಸೀಟಿನ ಕೆಳಗೆ ಇಟ್ಟುಕೊಂಡಿದ್ದ. ಕಾಕು ಮೂಗಿಗೆ ಸೆರಗು ಹಚ್ಚಿದಳು. ಮೀನು ದಯಪಾಲಿಸಿದವರೇ ತಾವಾದ್ದರಿಂದ ಕಾಕಾ ಕಿಟಕಿಯಾಚೆ ಏನನ್ನೋ ಗಾಢವಾಗಿ ನೋಡುತ್ತಿದ್ದರು.

ಅಂಕೋಲೆಯಲ್ಲಿ ರಸ್ತೆ ಬದಿಗೆ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಕರಿ ಈಶಾಡದ ಬುಟ್ಟಿ ಇಟ್ಟುಕೊಂಡು ಕೂತಿದ್ದರು. 2023ರಲ್ಲಿ ಜಿಐ ಮಾನ್ಯತೆ ಪಡೆದ ಮಾವು. ಸಿಪ್ಪೆ ನೋಡಿದರೆ ಇನ್ನೂ ಹಣ್ಣಾಗಿಲ್ಲವೇನೋ ಅನಿಸಬೇಕು, ಪರಿಮಳ ಮಾತ್ರ ಗಾಡಿ ನಿಲ್ಲಿಸುವಂಥದ್ದು. ‘ಆ ವಾಸನಿ ಮುಚ್ಚಲಿಕ್ಕಾದ್ರೂ ಬೇಕು’ ಎಂದು ಕಾಕು ಎರಡು ಬುಟ್ಟಿ ಹಿಡಿಸಿದಳು. ಚೌಕಾಸಿಗೆ ಹಿಡಿದ ಸಮಯದಲ್ಲಿ ಸೂರ್ಯಾಸ್ತ ನೋಡಿಯೇ ಬರಬಹುದಿತ್ತು. ಖಾಲಿ ಡಬ್ಬಿಗಳಲ್ಲೆಲ್ಲ ಮಾವು ತುಂಬಿದವು. ಮೀನು ಮತ್ತು ಮಾವು ಯಲ್ಲಾಪುರದ ತನಕ ಸಮಬಲದಿಂದ ಹೋರಾಡಿದವು.

ಮರುದಿನ ಬೆಳಿಗ್ಗೆ ಎದುರುಮನೆಯವರು ಕಾಂಪೌಂಡಿನಾಚೆ ನಿಂತು ಕೇಳಿದರು, ‘ಹೆಂಗಿತ್ರೀ ವೈನಿ, ಸಮುದ್ರ?’

‘ಭಾಳ ಸಿಹಿ ಅವ’ ಎಂದು ಕಾಕು ಎರಡು ಈಶಾಡ ಅವರ ಕೈಗಿಟ್ಟಳು. ‘ತೊಳದ ತಿನ್ರಿ ಮತ್ತ. ಸ್ವಲ್ಪ ಬಂಗಡಿ ವಾಸನಿ ಹೊಡೀತದ.’